ಹಬೆ ಸೋರದಂತೆ ತಡೆದವರ ಕಥೆ

ಕಳೆದ ತಿಂಗಳು ಅಪ್ಪನ ಹಳೇ ಬೈಕು ನೀಲಿ ಹೊಗೆ ಬಿಡೋಕೆ ಶುರು ಮಾಡಿತು. ಮನೆ ಹತ್ತಿರದ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಮೆಕ್ಯಾನಿಕ್ ಇಂಜಿನ್ ಬಿಚ್ಚಿ, "ರಿಂಗ್ ಹೋಗಿದೆ ಸಾರ್" ಎಂದು ಪಿಸ್ಟನ್ನಿನಿಂದ ಒಂದು ತೆಳ್ಳನೆಯ ಬಳೆಯಂಥದ್ದನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ನೋಡಿದರೆ ಅದು ಒಂದು ಕಡೆ ತುಂಡಾಗಿತ್ತು. "ಅಯ್ಯೋ, ಮುರಿದೇ ಹೋಗಿದೆಯಲ್ಲಾ" ಎಂದೆ. ಅವರು ನಕ್ಕು ಹೊಸ ರಿಂಗಿನ ಪ್ಯಾಕೆಟ್ ಹರಿದು ತೋರಿಸಿದರು. ಅದೂ ಒಂದು ಕಡೆ ತುಂಡಾಗಿಯೇ ಇತ್ತು! "ಇಂಜಿನಿಯರ್ ಅಂದ್ರಲ್ಲ ಸಾರ್ ನೀವು?" ನಾನು ಓದಿದ್ದು ಕಂಪ್ಯೂಟರ್ ಸೈನ್ಸು ಅಂತ ಹೇಳಿ ಮಾನ ಉಳಿಸಿಕೊಂಡೆ :)

ಆದರೆ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು. ಸೋರಿಕೆ ತಡೆಯಲಿಕ್ಕೆಂದೇ ಇರುವ ರಿಂಗಿನಲ್ಲಿ ಬೇಕಂತಲೇ ಒಂದು ಸಂದು ಬಿಡುವುದೇಕೆ? ಇದರ ಬೆನ್ನು ಹತ್ತಿ ಓದುತ್ತಾ ಹೋದರೆ ಉಗಿಯಂತ್ರದ ಕಾಲಕ್ಕೆ ಹೋಗಿ ನಿಂತೆ. ಅಲ್ಲಿ ಸಿಕ್ಕಿದ್ದು ನಾವು ಶಾಲೆಯಲ್ಲಿ ಓದಿದ ಉಗಿಯಂತ್ರದ ಕಥೆಗಿಂತ ಸ್ವಲ್ಪ ಬೇರೆಯದೇ ಕಥೆ.

ಮೊದಲು ಥಾಮಸ್ ನ್ಯೂಕೊಮೆನ್. ಇಂಗ್ಲೆಂಡಿನ ಡಾರ್ಟ್‌ಮತ್ ಊರಿನ ಕಬ್ಬಿಣದ ಸಾಮಾನಿನ ವ್ಯಾಪಾರಿ. ಗಣಿಗಳಲ್ಲಿ ತುಂಬಿಕೊಳ್ಳುವ ನೀರನ್ನು ಮೇಲೆತ್ತಲು ಈತ 1712ರಲ್ಲಿ ಡಡ್ಲಿ ಕೋಟೆಯ ಹತ್ತಿರ ಒಂದು ಯಂತ್ರ ನಿಲ್ಲಿಸಿದ. ಅದರಲ್ಲಿ ಕೆಲಸ ಮಾಡುತ್ತಿದ್ದದ್ದು ನಿಜಕ್ಕೂ ಹಬೆ ಅಲ್ಲ, ಗಾಳಿ! ಪಿಸ್ಟನ್ನಿನ ಕೆಳಗೆ ಸಿಲಿಂಡರ್ ತುಂಬಾ ಹಬೆ ತುಂಬಿಸಿ, ಅದರೊಳಕ್ಕೇ ತಣ್ಣೀರು ಚಿಮ್ಮಿಸುತ್ತಿದ್ದರು. ಹಬೆ ನೀರಾಗಿ ಒಳಗೆ ನಿರ್ವಾತ ಉಂಟಾಗುತ್ತಿತ್ತು. ಸಿಲಿಂಡರಿನ ಮೇಲ್ಭಾಗ ತೆರೆದೇ ಇರುತ್ತಿದ್ದರಿಂದ ಹೊರಗಿನ ವಾತಾವರಣದ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತಿತ್ತು. ಸಿಲಿಂಡರಿನ ಅಡ್ಡಗಲ 21 ಇಂಚು. ಲೆಕ್ಕ ಹಾಕಿ ನೋಡಿ, ಪೂರ್ತಿ ನಿರ್ವಾತವಾದರೆ ಆ ಪಿಸ್ಟನ್ನಿನ ಮೇಲೆ ಬೀಳುವ ಭಾರ ಎರಡು ಟನ್ನಿಗೂ ಹೆಚ್ಚು.

ಆದರೆ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಸಂದಿದ್ದರೆ ಗಾಳಿ ಒಳಗೆ ನುಗ್ಗುತ್ತದೆ, ನಿರ್ವಾತ ಮಾಯ. ಆ ಕಾಲದ ಸಿಲಿಂಡರುಗಳೋ, ಎರಕ ಹೊಯ್ದು ಒಳಮೈ ಉಜ್ಜಿ ನಯ ಮಾಡಿದಂಥವು. ಎಲ್ಲಾ ಕಡೆ ಒಂದೇ ಸಮ ಇರುವುದು ಸಾಧ್ಯವೇ ಇರಲಿಲ್ಲ.

ನ್ಯೂಕೊಮೆನ್ ಕಂಡುಕೊಂಡ ಉಪಾಯ ತುಂಬಾ ಸರಳ. ಪಿಸ್ಟನ್ನಿನ ಅಂಚಿಗೆ ಚರ್ಮದ ಬಿಲ್ಲೆ ಹಾಕಿದ, ಅದರ ಮೇಲೆ ಒಂದಿಷ್ಟು ನೀರು ನಿಲ್ಲಿಸಿದ. ಸಂದಿನಲ್ಲಿ ಏನಾದರೂ ಇಳಿದರೆ ನೀರೇ ಇಳಿಯಬೇಕು, ಗಾಳಿಗೆ ದಾರಿಯಿಲ್ಲ. (ಸೈಕಲ್ ಪಂಪು ಬಿಚ್ಚಿ ನೋಡಿದವರಿಗೆ ಒಳಗಿನ ಬಟ್ಟಲಿನಾಕಾರದ ಚರ್ಮದ ವಾಷರ್ ನೆನಪಿರಬಹುದು. ಗಾಳಿ ಹಿಡಿಯದಿದ್ದರೆ ಅಜ್ಜ ಅದಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ಹೆಚ್ಚು ಕಡಿಮೆ ಅದೇ ತಂತ್ರ.)

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಮೇಲೆ ನಿಂತ ನೀರು ಸಿಲಿಂಡರನ್ನು ತಣ್ಣಗೆ ಮಾಡುತ್ತದೆ. ಆದರೆ ನ್ಯೂಕೊಮೆನ್ ಯಂತ್ರದಲ್ಲಿ ಸಿಲಿಂಡರನ್ನು ಪ್ರತಿಸಲವೂ ಬೇಕಂತಲೇ ತಣ್ಣಗೆ ಮಾಡುತ್ತಿದ್ದರಲ್ಲ! ಹಾಗಾಗಿ ಯಾರಿಗೂ ಅದೊಂದು ತೊಂದರೆ ಅನ್ನಿಸಲಿಲ್ಲ. ಪ್ರತಿ ಏಟಿಗೂ ಸಿಲಿಂಡರ್ ಮತ್ತೆ ಕಾಯಿಸಬೇಕು, ಕಲ್ಲಿದ್ದಲು ಸಿಕ್ಕಾಪಟ್ಟೆ ಸುಡಬೇಕು. ಕಲ್ಲಿದ್ದಲು ಗಣಿಯ ಬಾಯಲ್ಲೇ ಯಂತ್ರ ನಿಂತಿದ್ದರೆ ಅದೂ ದೊಡ್ಡ ವಿಷಯವಲ್ಲ.

ಈಗ ಜೇಮ್ಸ್ ವ್ಯಾಟ್. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ಮಾಡಿಕೊಡುತ್ತಿದ್ದ ಈತನ ಕೈಗೆ 1763ರ ಚಳಿಗಾಲದಲ್ಲಿ ನ್ಯೂಕೊಮೆನ್ ಯಂತ್ರದ ಒಂದು ಪುಟ್ಟ ಮಾದರಿ ರಿಪೇರಿಗೆ ಬಂತು. ಅದು ಹಬೆ ಕುಡಿಯುವ ರೀತಿ ನೋಡಿ ಯೋಚನೆಗೆ ಬಿದ್ದ. 1765ರಲ್ಲಿ ಪರಿಹಾರ ಹೊಳೆಯಿತು: ಹಬೆಯನ್ನು ಸಿಲಿಂಡರಿನೊಳಗೆ ತಣಿಸುವುದು ಬೇಡ, ಬೇರೊಂದು ಪಾತ್ರೆಗೆ ಎಳೆದು ಅಲ್ಲಿ ತಣಿಸೋಣ. ಸಿಲಿಂಡರ್ ಯಾವಾಗಲೂ ಬಿಸಿಯಾಗಿಯೇ ಇರಲಿ.

ಅಲ್ಲಿಗೆ ಎಲ್ಲಾ ಸುಖಾಂತ್ಯ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಈ ಹೊಸ ಐಡಿಯಾ ಹಳೆಯ ಯಂತ್ರದ ಅತಿ ಅಗ್ಗದ ಉಪಾಯವನ್ನೇ ಕಿತ್ತುಕೊಂಡಿತು. ಸಿಲಿಂಡರ್ ಬಿಸಿಯಾಗಿರಬೇಕು ಅಂದಮೇಲೆ ಪಿಸ್ಟನ್ ಮೇಲೆ ನೀರು ನಿಲ್ಲಿಸುವ ಹಾಗಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದು ಚೆನ್ನಾಗಿ ಗೊತ್ತು. ಹಳೇ ಕೋಡಿನಲ್ಲಿರುವ ಒಂದು ಬಗ್ ಸರಿಮಾಡಿದ ಕೂಡಲೇ ಆ ಬಗ್ಗನ್ನೇ ನಂಬಿಕೊಂಡು ನಡೆಯುತ್ತಿದ್ದ ಇನ್ನೊಂದು ಭಾಗ ಮಲಗಿಬಿಡುತ್ತದೆ!

ವ್ಯಾಟ್‌ಗೆ ಈ ತೊಂದರೆ ಮೊದಲೇ ಗೊತ್ತಿತ್ತು. 1769ರ ಪೇಟೆಂಟಿನಲ್ಲೇ, ನೀರಿನ ಬದಲು ಎಣ್ಣೆ, ಮೇಣ, ರಾಳ, ಪ್ರಾಣಿಗಳ ಕೊಬ್ಬು, ಪಾದರಸ ಇಂಥವುಗಳಿಂದ ಪಿಸ್ಟನ್ ಸೋರದಂತೆ ಮಾಡುವುದಾಗಿ ಬರೆದುಕೊಂಡಿದ್ದಾನೆ. ಬರೆಯುವುದು ಸುಲಭ. ಅದೇ ವರ್ಷ ಸ್ಕಾಟ್ಲೆಂಡಿನ ಕಿನ್ನೀಲ್‌ನಲ್ಲಿ, ಪಾಲುದಾರ ಜಾನ್ ರೋಬಕ್‌ನ ಮನೆಯ ಬಳಿ, 18 ಇಂಚಿನ ಸಿಲಿಂಡರ್ ಇಟ್ಟು ಯಂತ್ರ ಕಟ್ಟಿದಾಗ ನಿಜವಾದ ಕಷ್ಟ ಎದುರಾಯಿತು. ತವರದ ಆ ಸಿಲಿಂಡರ್ ಸರಿಯಾಗಿ ದುಂಡಗಿರಲಿಲ್ಲ. ಸಂದು ಮುಚ್ಚಲು ವ್ಯಾಟ್ ಏನೇನು ತುರುಕಿ ನೋಡಿದ ಗೊತ್ತೇ? ಬಿರಡೆ ಮಾಡುವ ಕಾರ್ಕು, ಎಣ್ಣೆಯಲ್ಲಿ ನೆನೆಸಿದ ಚಿಂದಿಬಟ್ಟೆ, ನಾರು, ಕಾಗದ, ಕೊನೆಗೆ ಹಳೇ ಟೋಪಿಗಳು ಕೂಡ! ಎಲ್ಲಿ ಮುಚ್ಚಿದರೂ ಮತ್ತೊಂದೆಡೆ ಹಬೆ ಸೋರುತ್ತಿತ್ತು.

ವರ್ಷಗಳು ಕಳೆದವು. ಹೊಟ್ಟೆಪಾಡಿಗೆ ವ್ಯಾಟ್ ಕಾಲುವೆಗಳ ಸರ್ವೇ ಕೆಲಸ ಮಾಡುತ್ತಿದ್ದ. 1773ರಲ್ಲಿ ರೋಬಕ್ ದಿವಾಳಿಯಾದ. ಅದೇ ವರ್ಷ ವ್ಯಾಟ್‌ನ ಹೆಂಡತಿ ತೀರಿಕೊಂಡಳು. ಜಗತ್ತನ್ನೇ ಬದಲಿಸಿದ್ದು ಅಂತ ನಾವು ಈಗ ಓದುವ ಆ ಐಡಿಯಾ, ಹೊಳೆದು ಎಂಟು ವರ್ಷವಾದರೂ ಒಂದು ಗಣಿಯಿಂದಲೂ ನೀರೆತ್ತಿರಲಿಲ್ಲ. ಐಡಿಯಾದಲ್ಲಿ ತಪ್ಪಿರಲಿಲ್ಲ. ಆದರೆ ಅದನ್ನು ನಡೆಸಲು ಬೇಕಾದ ಒಂದು ದುಂಡನೆಯ ತೂತು ಕೊರೆಯಲು ಯಾರಿಗೂ ಬರುತ್ತಿರಲಿಲ್ಲ.

ದಾರಿ ತೋರಿಸಿದ್ದು ಫಿರಂಗಿ ಮಾಡುವವನು. ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಕಾರ್ಖಾನೆಯ ಒಡೆಯ 1774ರಲ್ಲಿ ಫಿರಂಗಿ ಕೊರೆಯುವ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಆಮೇಲೆ ಸಿಲಿಂಡರಿಗೆಂದೇ ಬೇರೊಂದು ಯಂತ್ರ ಮಾಡಿದ. ಅದಕ್ಕೂ ಮುಂಚೆ ಸಿಲಿಂಡರ್ ಕೊರೆಯುವ ಉಳಿ ಉದ್ದನೆಯ ದಂಡದ ತುದಿಯಲ್ಲಿರುತ್ತಿತ್ತು. ದಂಡಕ್ಕೆ ಆಸರೆ ಒಂದೇ ಕಡೆ. ಹಾಗಾಗಿ ಎರಕದಲ್ಲಿ ಸೊಟ್ಟ ಇದ್ದರೆ ಉಳಿಯೂ ಸೊಟ್ಟಗೇ ಹೋಗುತ್ತಿತ್ತು. ವಿಲ್ಕಿನ್ಸನ್ ದಪ್ಪ ದಂಡವನ್ನು ಸಿಲಿಂಡರಿನ ಒಂದು ಬಾಯಿಂದ ಇನ್ನೊಂದು ಬಾಯಿಗೆ ತೂರಿಸಿ ಎರಡೂ ತುದಿಗೆ ಆಸರೆ ಕೊಟ್ಟ. ಉಳಿ ಆ ದಂಡದ ಮೇಲೆಯೇ ಸಾಗುವಂತೆ ಮಾಡಿದ. ಅಷ್ಟೇ ಬದಲಾವಣೆ!

1775ರಲ್ಲಿ ವ್ಯಾಟ್‌ನ ತವರದ ಸಿಲಿಂಡರ್ ಜಾಗಕ್ಕೆ ವಿಲ್ಕಿನ್ಸನ್‌ನ ಕಬ್ಬಿಣದ ಸಿಲಿಂಡರ್ ಬಂತು. ಮರುವರ್ಷ ಟಿಪ್ಟನ್ನಿನ ಗಣಿಯಲ್ಲಿ 50 ಇಂಚಿನ ಸಿಲಿಂಡರಿನ ಯಂತ್ರ ಚಾಲೂ ಆಯಿತು. ಅಷ್ಟು ದೊಡ್ಡ ಸಿಲಿಂಡರಿನಲ್ಲಿ ಎಲ್ಲೂ ಒಂದು ಹಳೇ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸವಿಲ್ಲ ಎಂದು ವ್ಯಾಟ್‌ನ ಹೊಸ ಪಾಲುದಾರ ಮ್ಯಾಥ್ಯೂ ಬೋಲ್ಟನ್ ಹೆಮ್ಮೆಯಿಂದ ಬರೆದ. ಅಂದರೆ ಒಂದು ಮಿಲಿಮೀಟರಿನ ಆಸುಪಾಸು. ಈಗಿನ ಬೈಕಿನಲ್ಲಿ ಪಿಸ್ಟನ್ ಸುತ್ತಲಿನ ಸಂದನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುತ್ತಾರೆ. ಆದರೆ ಅಂದಿಗೆ ಅಷ್ಟೇ ಸಾಕಾಯಿತು.

ಉಳಿದ ಸಂದಿಗೆ ಕೊಬ್ಬಿನಲ್ಲಿ ನೆನೆಸಿದ ಸೆಣಬಿನ ಹಗ್ಗ. ಅದನ್ನು ಪಿಸ್ಟನ್ ಸುತ್ತ ಸುತ್ತಿ, ಮೇಲಿಂದ ಕಬ್ಬಿಣದ ಬಳೆ ಇಟ್ಟು ಬೋಲ್ಟಿನಿಂದ ಬಿಗಿಯುತ್ತಿದ್ದರು. ಆ ಬಳೆಗೆ ಜಂಕ್ ರಿಂಗ್ ಎಂದು ಹೆಸರು. ಇಂಗ್ಲಿಷ್ ನಾವಿಕರ ಮಾತಿನಲ್ಲಿ ಜಂಕ್ ಎಂದರೆ ಹಳೇ ಹಗ್ಗ! ಹಗ್ಗ ಸವೆದಂತೆಲ್ಲ ಯಾರಾದರೂ ಬೋಲ್ಟು ಬಿಗಿಯಬೇಕು. ಹೆಚ್ಚು ಬಿಗಿದರೆ ಪಿಸ್ಟನ್ ಉಜ್ಜಿ ಶಕ್ತಿ ವ್ಯರ್ಥ, ಕಡಿಮೆಯಾದರೆ ಸೋರಿಕೆ.

ಮುಂದೆ ಹಬೆಯ ಒತ್ತಡ ಏರುತ್ತಾ ಹೋಯಿತು. ವಾತಾವರಣದ ಒತ್ತಡದಲ್ಲಿ ಹಬೆ 100 ಡಿಗ್ರಿ, ಅದರ ಹತ್ತರಷ್ಟಕ್ಕೆ ಏರಿಸಿದರೆ ಸುಮಾರು 180 ಡಿಗ್ರಿ. ಆ ಬಿಸಿಯಲ್ಲಿ ಸೆಣಬು ಬಾಳುವುದಿಲ್ಲ. ಲೋಹದ್ದೇ ಬೇಕು ಎಂದು ಹಲವರು ಪ್ರಯತ್ನಿಸಿದರು. ಯಂತ್ರಮಗ್ಗ ಕಂಡುಹಿಡಿದ ಎಡ್ಮಂಡ್ ಕಾರ್ಟ್‌ರೈಟ್ 1797ರಲ್ಲೇ ಲೋಹದ ತುಂಡುಗಳನ್ನು ಸ್ಪ್ರಿಂಗಿನಿಂದ ಹೊರಕ್ಕೆ ಒತ್ತುವ ಪಿಸ್ಟನ್ ಮಾಡಿದ್ದ. ಆದರೆ ಅದರಲ್ಲಿ ಬಿಡಿಭಾಗಗಳು ಜಾಸ್ತಿ.

ಕೊನೆಗೆ ಮ್ಯಾಂಚೆಸ್ಟರಿನ ರೈಲ್ವೆ ಇಂಜಿನಿಯರ್ ಜಾನ್ ರಾಮ್ಸ್‌ಬಾಟಮ್ 1852ರಲ್ಲಿ ನನ್ನ ಕೈಲಿದ್ದ ರಿಂಗಿನ ಮುತ್ತಜ್ಜನನ್ನು ಮಾಡಿದ. ಪಿಸ್ಟನ್ನಿನ ಸುತ್ತ ಗಾಡಿ ಕೊರೆದು ಅದರಲ್ಲಿ ಲೋಹದ ಬಳೆ. ಬಳೆ ಸಿಲಿಂಡರಿಗಿಂತ ತುಸು ದೊಡ್ಡದು, ಒಂದು ಕಡೆ ಸೀಳು. ಒತ್ತಿ ಒಳಗೆ ಕೂರಿಸಿದರೆ ಅದು ಬಿಚ್ಚಿಕೊಳ್ಳಲು ಹವಣಿಸುತ್ತಾ ಗೋಡೆಗೆ ಅಂಟಿಕೊಳ್ಳುತ್ತದೆ. ಸೀಳಿಲ್ಲದಿದ್ದರೆ ಈ ಸ್ಪ್ರಿಂಗ್ ಗುಣವೇ ಇಲ್ಲ, ಸವೆದಾಗ ಹಿಗ್ಗಲೂ ಆಗದು. ಬೇರೆ ಸ್ಪ್ರಿಂಗ್ ಬೇಡ, ಬೋಲ್ಟು ಬಿಗಿಯುವವನೂ ಬೇಡ. ಇದಕ್ಕಿಂತ ಚೆಂದದ ಸಂಗತಿ ಎಂದರೆ ಹಬೆಯೇ ರಿಂಗಿನ ಬೆನ್ನಿಗೆ ಹೋಗಿ ಅದನ್ನು ಇನ್ನಷ್ಟು ಗೋಡೆಗೆ ಒತ್ತುತ್ತದೆ. ಮೊದಲ ರಿಂಗುಗಳು ಸುತ್ತಲೂ ಒಂದೇ ಸಮ ಒತ್ತದೆ ಅಲ್ಲಲ್ಲಿ ಸವೆಯುತ್ತಿದ್ದವು. ಪೂರ್ತಿ ದುಂಡಗಿರುವ ಬಳೆ ಸೀಳಿದರೆ ಸರಿಹೋಗದು, ಮೊದಲೇ ಸ್ವಲ್ಪ ಓರೆ ಆಕಾರದಲ್ಲಿ ಮಾಡಿದರೆ ಒಳಗೆ ಕೂತಾಗ ದುಂಡಗಾಗುತ್ತದೆ ಎಂದು ಕಂಡುಕೊಂಡು 1855ರಲ್ಲಿ ಅದಕ್ಕೂ ಪೇಟೆಂಟ್ ಪಡೆದ.

ಇಷ್ಟೆಲ್ಲಾ ಓದಿಕೊಂಡು ಬೈಕು ತರಲು ಹೋದಾಗ ಮೆಕ್ಯಾನಿಕ್ ಇನ್ನೂ ರಿಂಗು ಕೂರಿಸುತ್ತಿದ್ದರು. ಒಂದರ ಸೀಳು ಒಂದು ದಿಕ್ಕಿಗೆ, ಇನ್ನೊಂದರದ್ದು ಬೇರೆ ದಿಕ್ಕಿಗೆ ತಿರುಗಿಸಿದರು. ಸೀಳುಗಳು ಒಂದೇ ಸಾಲಿಗೆ ಬಂದರೆ ಅಲ್ಲೇ ಸೋರುತ್ತೆ ಅಲ್ವಾ ಅಂದೆ. "ಪರವಾಗಿಲ್ವೇ ಸಾರ್, ಕಲ್ತುಬಿಟ್ರಿ" ಅಂದರು :)

ಕುದಿಯುವ ಕೆಟಲ್ ನೋಡಿ ವ್ಯಾಟ್‌ಗೆ ಜ್ಞಾನೋದಯವಾಯಿತು ಎಂಬ ಕಟ್ಟುಕಥೆ ನಮಗೆಲ್ಲ ಬಾಯಿಪಾಠ. ಹಳೇ ಟೋಪಿ ತುರುಕಿ ಸೋತ ಕಥೆ ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಎರಡರಲ್ಲಿ ನಿಜವಾಗಿ ನಡೆದದ್ದು ಆ ಟೋಪಿಯದ್ದೇ. ನಿಮಗೆ ಯಾವ ಮೇಷ್ಟ್ರಾದರೂ ಹೇಳಿದ್ದರೇ? ತಿಳಿಸಿ.