ಮನೆಯಲ್ಲೇ ಹರ್ಬ್ ರೋಸ್ಟ್ ಚಿಕನ್: ಉಪ್ಪು, ಶಾಖ ಮತ್ತು ತಾಳ್ಮೆ

ಇಡೀ ಕೋಳಿಯನ್ನು ತುಂಡರಿಸದೆ, ನೀರು ಸೇರಿಸದೆ, ಓವನ್ನಿನ ಒಣ ಶಾಖದಲ್ಲಿ ಬೇಯಿಸುವ ಕ್ರಮವೇ ರೋಸ್ಟ್. ಫ್ರಾನ್ಸಿನಲ್ಲಿ ಇದಕ್ಕೆ ‘ಪುಲೆ ರೋಟಿ’ ಎಂಬ ಹೆಸರಿದೆ. ಇಂಗ್ಲೆಂಡಿನಲ್ಲಿ ಇದು ಭಾನುವಾರದ ಊಟದ ವಾಡಿಕೆಯ ಭಕ್ಷ್ಯ. ಮೆಡಿಟರೇನಿಯನ್ ಪ್ರದೇಶದ ರೋಸ್‌ಮೇರಿ, ಥೈಮ್, ಸೇಜ್ ಸೊಪ್ಪುಗಳು ಇದರ ಪರಿಮಳಕ್ಕೆ ಆಧಾರ. ಸಾಮಗ್ರಿಗಳು ಕೆಲವೇ ಆದರೂ ಅಡುಗೆಯಲ್ಲಿ ಒಂದು ತೊಡಕಿದೆ. ಕೋಳಿಯ ಎದೆ ಭಾಗ ಬೇಗ ಬೆಂದು ಒಣಗುತ್ತದೆ, ತೊಡೆ ನಿಧಾನವಾಗಿ ಬೇಯುತ್ತದೆ. ಹೊರಗೆ ಹೊಂಬಣ್ಣ ಬಂದರೂ ಒಳಗೆ ಹಸಿಯಾಗಿ ಉಳಿಯುವ ಅಪಾಯವಿದೆ.

ಕೋಳಿಯ ಆಯ್ಕೆ

ಒಂದೂಕಾಲರಿಂದ ಒಂದೂವರೆ ಕಿಲೋ ತೂಕದ ಬ್ರಾಯ್ಲರ್ ಕೋಳಿ ಸೂಕ್ತ. ವಯಸ್ಸಾದ ನಾಟಿ ಕೋಳಿಯ ಮಾಂಸ ಗಟ್ಟಿ. ಅದಕ್ಕೆ ಸಾರಿನ ನಿಧಾನ ಬೇಯುವಿಕೆಯೇ ಹಿತ. ನಮ್ಮ ಅಂಗಡಿಗಳಲ್ಲಿ ಚರ್ಮ ಸುಲಿದು ತುಂಡು ಮಾಡಿಕೊಡುವುದು ರೂಢಿ. ಆದ್ದರಿಂದ ‘ವಿತ್ ಸ್ಕಿನ್, ಇಡೀ ಕೋಳಿ’ ಎಂದು ಮೊದಲೇ ತಿಳಿಸಬೇಕು. ಚರ್ಮದ ಕೊಬ್ಬು ಕರಗಿ ಮಾಂಸವನ್ನು ಒಣಗದಂತೆ ಕಾಯುತ್ತದೆ.

ಬೇಕಾಗುವ ಸಾಮಗ್ರಿಗಳು

ಕೋಳಿ 1 (ಸುಮಾರು 1.5 ಕಿಲೋ), ಉಪ್ಪು 15 ಗ್ರಾಂ, ಬೆಣ್ಣೆ 50 ಗ್ರಾಂ, ಬೆಳ್ಳುಳ್ಳಿ 8 ಎಸಳು, ನಿಂಬೆಹಣ್ಣು 1, ಕುಟ್ಟಿದ ಕಾಳುಮೆಣಸು 1 ಚಮಚ, ರೋಸ್‌ಮೇರಿ ಮತ್ತು ಥೈಮ್ ಕೆಲವು ಕಡ್ಡಿಗಳು. ಒಣ ಸೊಪ್ಪಾದರೆ ಒಂದೊಂದು ಚಮಚ ಸಾಕು. ಥೈಮ್ ದೊರೆಯದಿದ್ದರೆ ಹಿತ್ತಲಿನ ದೊಡ್ಡಪತ್ರೆಯ ಎರಡು ಎಲೆಗಳನ್ನು ಸಣ್ಣಗೆ ಹೆಚ್ಚಿ ಬಳಸಬಹುದು. ಥೈಮ್‌ನಲ್ಲಿರುವ ಥೈಮಾಲ್ ಮತ್ತು ಕಾರ್ವಕ್ರಾಲ್ ಎಂಬ ಪರಿಮಳ ದ್ರವ್ಯಗಳು ಅದರಲ್ಲಿಯೂ ಇವೆ.

ಹಿಂದಿನ ದಿನದ ಸಿದ್ಧತೆ

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವುದು ನಮ್ಮಲ್ಲಿ ಸಾಮಾನ್ಯ. ಆದರೆ ಸಿಡಿಯುವ ನೀರಿನೊಡನೆ ಕ್ಯಾಂಪಿಲೋಬ್ಯಾಕ್ಟರ್, ಸಾಲ್ಮೊನೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಸಿಂಕ್ ಹಾಗೂ ಪಾತ್ರೆಗಳಿಗೆ ಹರಡುತ್ತವೆ. ಬ್ರಿಟನ್ನಿನ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ 2014ರಲ್ಲಿ ಈ ಅಭ್ಯಾಸದ ವಿರುದ್ಧ ಪ್ರಚಾರವನ್ನೇ ಕೈಗೊಂಡಿತ್ತು. ರಕ್ತದ ಕಲೆ, ಉಳಿದ ಗರಿಗಳನ್ನು ಟಿಶ್ಯೂ ಕಾಗದದಿಂದ ಒರೆಸಿ ತೆಗೆದು, ಕೈಗಳನ್ನು ಸೋಪಿನಿಂದ ತೊಳೆಯಬೇಕು.

ಬಳಿಕ ಒಳಗೂ ಹೊರಗೂ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ, ಇತರ ಆಹಾರಕ್ಕೆ ತಗಲದಂತೆ ಒಂದು ರಾತ್ರಿ ಇಡಬೇಕು. ಉಪ್ಪು ಮಾಂಸದೊಳಗೆ ಇಳಿಯುತ್ತದೆ, ಚರ್ಮ ಒಣಗುತ್ತದೆ. ಚರ್ಮ ಒದ್ದೆಯಾಗಿದ್ದರೆ ಓವನ್ನಿನ ಶಾಖವೆಲ್ಲ ನೀರನ್ನು ಆವಿಯಾಗಿಸುವುದರಲ್ಲೇ ವ್ಯಯವಾಗುತ್ತದೆ. ಫ್ರೆಂಚ್ ರಸಾಯನ ವಿಜ್ಞಾನಿ ಲೂಯಿ ಕಮೀಯ್ ಮಾಯಾರ್ 1912ರಲ್ಲಿ ವಿವರಿಸಿದ ಕಂದು ಬಣ್ಣದ ಕ್ರಿಯೆಗೆ ಒಣ ಮೇಲ್ಮೈ ಅನುಕೂಲ.

ಬೇಯಿಸುವ ವಿಧಾನ

ಬೆಣ್ಣೆಗೆ ಹೆಚ್ಚಿದ ಸೊಪ್ಪು, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಕಾಳುಮೆಣಸು ಬೆರೆಸಿ. ಎದೆಯ ಮೇಲಿನ ಚರ್ಮವನ್ನು ಬೆರಳಿನಿಂದ ಮೆಲ್ಲನೆ ಸಡಿಲಿಸಿ, ಮಿಶ್ರಣವನ್ನು ಅದರ ಕೆಳಗೆ ಹರಡಿ. ಚರ್ಮದ ಮೇಲೆ ಹಾಕಿದ ಸೊಪ್ಪು, ಬೆಳ್ಳುಳ್ಳಿ ಸೀದು ಕಹಿಯಾಗುತ್ತವೆ. ಹೊಟ್ಟೆಯೊಳಗೆ ಅರ್ಧ ನಿಂಬೆ, ಉಳಿದ ಬೆಳ್ಳುಳ್ಳಿ ಹಾಗೂ ಕಡ್ಡಿಗಳನ್ನು ಸಡಿಲವಾಗಿ ಇಡಿ. ಒತ್ತಿ ತುಂಬಿದರೆ ನಡುವಿಗೆ ಶಾಖ ತಲುಪುವುದಿಲ್ಲ.

ಮುಂಚಿತವಾಗಿ ಕಾಯಿಸಿದ ಓವನ್ನಿನಲ್ಲಿ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ, ನಂತರ 180 ಡಿಗ್ರಿಗೆ ಇಳಿಸಿ ಸುಮಾರು ಒಂದು ಗಂಟೆ ಬೇಯಿಸಿ. ಚಿಕ್ಕ ಓಟಿಜಿಯಲ್ಲಿ ಕೆಳಗಿನ ಹಂತವನ್ನೇ ಬಳಸಿ, ನಡುವೆ ಒಮ್ಮೆ ತಟ್ಟೆಯನ್ನು ತಿರುಗಿಸಿಡಿ. ಎದೆ ಬೇಗ ಕೆಂಪಾದರೆ ಆ ಭಾಗಕ್ಕೆ ಮಾತ್ರ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ.

ಬೆಂದಿದೆಯೆಂದು ತಿಳಿಯುವುದು ಹೇಗೆ?

ಗಡಿಯಾರ ಅಂದಾಜನ್ನಷ್ಟೇ ಕೊಡುತ್ತದೆ, ಬಣ್ಣ ಕೆಲವೊಮ್ಮೆ ಮೋಸಗೊಳಿಸುತ್ತದೆ. ಪೂರ್ತಿ ಬೆಂದ ಕೋಳಿಯಲ್ಲಿಯೂ ಮೂಳೆಯ ಬಳಿ ನಸುಗೆಂಪು ಉಳಿಯಬಹುದು. ಅಡುಗೆಯ ಥರ್ಮಾಮೀಟರನ್ನು ಮೂಳೆಗೆ ತಾಗದಂತೆ ತೊಡೆಯ ದಪ್ಪ ಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಎದೆಯ ದಪ್ಪ ಭಾಗದಲ್ಲಿಯೂ ಪರೀಕ್ಷಿಸಿ. ಮಕ್ಕಳು, ವೃದ್ಧರು, ಗರ್ಭಿಣಿಯರಿರುವ ಮನೆಯಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಬಿಡಬಾರದು.

ಓವನ್ನಿನಿಂದ ತೆಗೆದ ಕೂಡಲೇ ಕತ್ತರಿಸದೆ 15 ನಿಮಿಷ ಬಿಟ್ಟರೆ ರಸ ತಟ್ಟೆಗೆ ಹರಿದುಹೋಗದೆ ಮಾಂಸದಲ್ಲೇ ಹೆಚ್ಚಾಗಿ ನಿಲ್ಲುತ್ತದೆ. ತಟ್ಟೆಯಲ್ಲಿ ಇಳಿದ ರಸಕ್ಕೆ ಉಳಿದರ್ಧ ನಿಂಬೆ ಹಿಂಡಿ ಮೇಲೆ ಸುರಿದು ಬಡಿಸಬಹುದು. ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನಗಳಲ್ಲಿ ಬಳಸಿ. ಮೂಳೆಗಳನ್ನು ಎಸೆಯದೆ ಈರುಳ್ಳಿಯೊಡನೆ ಕುದಿಸಿದರೆ ಮರುದಿನದ ಸೂಪಿಗೆ ರುಚಿಯಾದ ತಿಳಿರಸ ಸಿದ್ಧ.