ಡಾ. ಹೆಲೆನ್ ಮೇಬರ್ಗ್: ಖಿನ್ನತೆಯ ನೆಲೆಯನ್ನು ಮಿದುಳಿನ ಚಿತ್ರಗಳಲ್ಲಿ ಹುಡುಕಿದ ವಿಜ್ಞಾನಿ

ಡಾ. ಹೆಲೆನ್ ಮೇಬರ್ಗ್ ಅಮೆರಿಕದ ನರರೋಗ ತಜ್ಞೆ ಹಾಗೂ ನರವಿಜ್ಞಾನಿ. ಮಿದುಳಿನ ಸ್ಕ್ಯಾನ್ ಚಿತ್ರಗಳ ನೆರವಿನಿಂದ ಖಿನ್ನತೆ ರೋಗವನ್ನು ಅಭ್ಯಾಸ ಮಾಡಿದವರಲ್ಲಿ ಅವರ ಹೆಸರು ಪ್ರಮುಖವಾದುದು. ಖಿನ್ನತೆಗೆ ಒಳಗಾದವರಿಗೆ ನಮ್ಮ ಮನೆಗಳಲ್ಲಿ ಮೊದಲು ಸಿಗುವ ಸಲಹೆ ‘ಮನಸ್ಸು ಗಟ್ಟಿ ಮಾಡಿಕೋ’ ಎಂಬುದು. ಆದರೆ ಈ ರೋಗದಲ್ಲಿ ಮಿದುಳಿನ ಕೆಲವು ಭಾಗಗಳ ಕೆಲಸದಲ್ಲೇ ವ್ಯತ್ಯಾಸವಾಗಿರುತ್ತದೆ ಎಂದು ಮೇಬರ್ಗ್ ಅವರ ಸಂಶೋಧನೆ ತೋರಿಸಿಕೊಟ್ಟಿತು. ಸ್ಕ್ಯಾನ್ ಚಿತ್ರದಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಅರಿಯಲೂ ಅವರ ಕೆಲಸ ಸಹಾಯಕವಾಗಿದೆ.

ಶಿಕ್ಷಣ ಮತ್ತು ವೃತ್ತಿ

ಮೇಬರ್ಗ್ ಅವರು 1956ರಲ್ಲಿ ಜನಿಸಿದರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಶಿಕ್ಷಣ ಪೂರೈಸಿದರು. ನ್ಯೂಯಾರ್ಕ್‌ನಲ್ಲಿ ನರರೋಗ ಚಿಕಿತ್ಸೆಯ ತರಬೇತಿ ಮುಗಿಸಿದ ಬಳಿಕ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ವಿಕಿರಣ ವಸ್ತುಗಳನ್ನು ಬಳಸಿ ಸ್ಕ್ಯಾನ್ ಮಾಡುವ ವಿಭಾಗದಲ್ಲಿ ಹೆಚ್ಚಿನ ಅಧ್ಯಯನ ಮಾಡಿದರು. ಮುಂದೆ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ, ಕೆನಡಾದ ಟೊರಾಂಟೊ ಮತ್ತು ಅಟ್ಲಾಂಟಾದ ಎಮೋರಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು. 2018ರಲ್ಲಿ ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಸಂಸ್ಥೆಗೆ ಬಂದು, ಅಲ್ಲಿ ಮಿದುಳಿನ ಜಾಲಗಳ ಚಿಕಿತ್ಸೆಗೆಂದೇ ಆರಂಭವಾದ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಅಕಾಡೆಮಿಯ ಸದಸ್ಯತ್ವದ ಗೌರವವೂ ಅವರಿಗೆ ಸಂದಿದೆ.

ಪೆಟ್ ಸ್ಕ್ಯಾನ್ ಎಂದರೇನು?

ಮಿದುಳಿನ ತೂಕ ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ. ಆದರೆ ದೇಹದ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಅದು ಬಳಸುತ್ತದೆ. ಹೆಚ್ಚು ಕೆಲಸ ಮಾಡುವ ಭಾಗಕ್ಕೆ ಹೆಚ್ಚು ಗ್ಲೂಕೋಸ್ ಮತ್ತು ಹೆಚ್ಚು ರಕ್ತ ಬೇಕು. ಅತಿ ಕಡಿಮೆ ಪ್ರಮಾಣದ ವಿಕಿರಣ ವಸ್ತುವನ್ನು ರಕ್ತಕ್ಕೆ ಸೇರಿಸಿ, ಅದು ಮಿದುಳಿನ ಯಾವ ಭಾಗದಲ್ಲಿ ಎಷ್ಟು ಸೇರುತ್ತದೆ ಎಂದು ಅಳೆಯುವುದೇ ಪೆಟ್ ಸ್ಕ್ಯಾನ್. ಸಾಮಾನ್ಯ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಮಿದುಳಿನ ರಚನೆಯನ್ನು ತೋರಿಸಿದರೆ, ಪೆಟ್ ಸ್ಕ್ಯಾನ್ ಅದರ ಚಟುವಟಿಕೆಯನ್ನು ತೋರಿಸುತ್ತದೆ.

ಮೇಬರ್ಗ್ ಅವರು ಮೊದಲು ಆರಿಸಿಕೊಂಡದ್ದು ಪಾರ್ಕಿನ್‌ಸನ್ ಮತ್ತು ಹಂಟಿಂಗ್ಟನ್‌ನಂತಹ ನರರೋಗಗಳ ಜೊತೆಗೆ ಖಿನ್ನತೆಯೂ ಇದ್ದ ರೋಗಿಗಳನ್ನು. ಅದೇ ನರರೋಗವಿದ್ದು ಖಿನ್ನತೆ ಇಲ್ಲದವರ ಸ್ಕ್ಯಾನ್‌ಗಳೊಂದಿಗೆ ಹೋಲಿಸಿದಾಗ, ಖಿನ್ನತೆ ಇದ್ದವರ ಮಿದುಳಿನ ಮುಂಭಾಗದ ಕೆಲವು ಪ್ರದೇಶಗಳಲ್ಲಿ ಚಟುವಟಿಕೆ ಕಡಿಮೆ ಇರುವುದು ಕಂಡುಬಂತು.

25ನೇ ಪ್ರದೇಶ

ಜರ್ಮನಿಯ ವಿಜ್ಞಾನಿ ಕೊರ್ಬಿನಿಯನ್ ಬ್ರಾಡ್ಮನ್ 1909ರಲ್ಲಿ ಮಿದುಳಿನ ಹೊರಪದರವನ್ನು ಹಲವು ಪ್ರದೇಶಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟಿದ್ದರು. ಇದರಲ್ಲಿ 25ನೇ ಪ್ರದೇಶವು ಮಿದುಳಿನ ಎರಡು ಅರ್ಧಗೋಳಗಳು ಸೇರುವ ನಡುಭಾಗದಲ್ಲಿ, ಹಣೆಯ ಹಿಂದೆ ಆಳದಲ್ಲಿದೆ. ನಿದ್ರೆ, ಹಸಿವು, ಉತ್ಸಾಹ, ನೆನಪು, ಭಾವನೆ ಇವುಗಳಿಗೆ ಸಂಬಂಧಿಸಿದ ಹಲವು ಭಾಗಗಳೊಂದಿಗೆ ಇದಕ್ಕೆ ನರತಂತುಗಳ ಸಂಪರ್ಕವಿದೆ. ಖಿನ್ನತೆಯಲ್ಲಿ ದುಃಖದ ಜೊತೆಗೆ ನಿದ್ರೆ, ಊಟ, ಏಕಾಗ್ರತೆ ಎಲ್ಲವೂ ಏಕೆ ಏರುಪೇರಾಗುತ್ತವೆ ಎಂಬುದನ್ನು ಈ ಸಂಪರ್ಕಗಳಿಂದ ಊಹಿಸಬಹುದು.

1999ರಲ್ಲಿ ಮೇಬರ್ಗ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಲ್ಲಿ ಎರಡು ಅಧ್ಯಯನಗಳಿದ್ದವು. ಒಂದರಲ್ಲಿ ಆರೋಗ್ಯವಂತರಿಗೆ ತಮ್ಮ ಜೀವನದ ದುಃಖದ ಪ್ರಸಂಗವನ್ನು ನೆನಪಿಸಿಕೊಳ್ಳಲು ಹೇಳಿ ಸ್ಕ್ಯಾನ್ ಮಾಡಲಾಯಿತು. ಆಗ 25ನೇ ಪ್ರದೇಶದ ಚಟುವಟಿಕೆ ಏರಿತು. ಗಮನ ಮತ್ತು ಯೋಚನೆಗೆ ಸಂಬಂಧಿಸಿದ ಹೊರಭಾಗಗಳ ಚಟುವಟಿಕೆ ಇಳಿಯಿತು. ಇನ್ನೊಂದರಲ್ಲಿ ಖಿನ್ನತೆಯ ರೋಗಿಗಳನ್ನು ಚಿಕಿತ್ಸೆಯಿಂದ ಗುಣಮುಖರಾದ ಮೇಲೆ ಸ್ಕ್ಯಾನ್ ಮಾಡಿ ನೋಡಿದಾಗ ಇದಕ್ಕೆ ತದ್ವಿರುದ್ಧವಾದ ಬದಲಾವಣೆ ಕಂಡಿತು. ಖಿನ್ನತೆಯನ್ನು ಮಿದುಳಿನ ಒಂದೇ ಜಾಗದ ದೋಷವೆಂದು ನೋಡದೆ, ಹಲವು ಭಾಗಗಳು ಸೇರಿದ ಜಾಲದ ಏರುಪೇರೆಂದು ನೋಡುವುದಕ್ಕೆ ಈ ಅಧ್ಯಯನ ದಾರಿ ಮಾಡಿತು.

ಆಳದ ಮಿದುಳಿನ ವಿದ್ಯುತ್ ಪ್ರಚೋದನೆ

ಔಷಧ, ಮಾತಿನ ಚಿಕಿತ್ಸೆ, ಕರೆಂಟ್ ಚಿಕಿತ್ಸೆ ಯಾವುದಕ್ಕೂ ಬಗ್ಗದ ತೀವ್ರ ಖಿನ್ನತೆಯೂ ಇದೆ. ಅಂಥವರಲ್ಲಿ 25ನೇ ಪ್ರದೇಶದ ಅತಿ ಚಟುವಟಿಕೆಯನ್ನು ನೇರವಾಗಿ ತಗ್ಗಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಮೇಬರ್ಗ್, ಟೊರಾಂಟೊದಲ್ಲಿ ನರಶಸ್ತ್ರಚಿಕಿತ್ಸಕ ಡಾ. ಆಂಡ್ರೆಸ್ ಲೊಜಾನೊ ಅವರ ಜೊತೆ ಕೈಗೆತ್ತಿಕೊಂಡರು. ಪಾರ್ಕಿನ್‌ಸನ್ ಕಾಯಿಲೆಗೆ ಆಗಲೇ ಬಳಕೆಯಲ್ಲಿದ್ದ ‘ಡೀಪ್ ಬ್ರೈನ್ ಸ್ಟಿಮ್ಯುಲೇಷನ್’ ವಿಧಾನವನ್ನು ಅವರು ಆರಿಸಿಕೊಂಡರು. ಇದರಲ್ಲಿ ಮಿದುಳಿನ ಎರಡೂ ಬದಿಗೆ ತೆಳುವಾದ ತಂತಿಗಳನ್ನು ಇಳಿಸಿ, ಎದೆಯ ಚರ್ಮದಡಿ ಇಟ್ಟ ಬ್ಯಾಟರಿಯಿಂದ ಸಣ್ಣ ಪ್ರಮಾಣದ ವಿದ್ಯುತ್ ಹರಿಸಲಾಗುತ್ತದೆ.

2005ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 6 ಮಂದಿ ರೋಗಿಗಳಿದ್ದರು. 6 ತಿಂಗಳ ನಂತರ ಅವರಲ್ಲಿ 4 ಮಂದಿಯ ಸುಧಾರಣೆ ಉಳಿದುಕೊಂಡಿತ್ತು. ಶಸ್ತ್ರಚಿಕಿತ್ಸೆಯ ವೇಳೆ ಎಚ್ಚರದಲ್ಲಿದ್ದ ರೋಗಿಗಳು, ವಿದ್ಯುತ್ ಹರಿದೊಡನೆ ಮನಸ್ಸು ಹಗುರಾದಂತೆ, ಕೋಣೆಯ ಬೆಳಕು ಹೆಚ್ಚಿದಂತೆ ಅನಿಸಿತೆಂದು ತಾವಾಗಿಯೇ ಹೇಳಿದ್ದು ವರದಿಯಲ್ಲಿ ದಾಖಲಾಗಿದೆ.

ಹಿನ್ನಡೆ ಮತ್ತು ಮುಂದಿನ ಹೆಜ್ಜೆ

ಆರು ಮಂದಿಯ ಫಲಿತಾಂಶದಿಂದ ಚಿಕಿತ್ಸೆಯೊಂದು ಸಿದ್ಧವಾಯಿತೆಂದು ಹೇಳಲಾಗದು. ಆದ್ದರಿಂದ ಅಮೆರಿಕದಲ್ಲಿ 90 ರೋಗಿಗಳ ದೊಡ್ಡ ಪ್ರಯೋಗ ನಡೆಯಿತು. ಎಲ್ಲರಿಗೂ ತಂತಿ ಅಳವಡಿಸಿ, 60 ಮಂದಿಗೆ ವಿದ್ಯುತ್ ಹರಿಸಲಾಯಿತು. 30 ಮಂದಿಗೆ ಮೊದಲ 6 ತಿಂಗಳು ಹರಿಸಲಿಲ್ಲ. ಯಾರು ಯಾವ ಗುಂಪು ಎಂಬುದು ರೋಗಿಗಳಿಗೆ ಗೊತ್ತಿರಲಿಲ್ಲ. ಮೊದಲ ಗುಂಪಿನಲ್ಲಿ ಶೇ. 20, ಎರಡನೆಯದರಲ್ಲಿ ಶೇ. 17 ಮಂದಿ ಮಾತ್ರ ಸುಧಾರಿಸಿದರು. ಇದು ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅದರ ಪೂರ್ಣ ವಿವರ 2017ರಲ್ಲಿ ಪ್ರಕಟವಾಯಿತು. ಆದರೆ ಚಿಕಿತ್ಸೆ ಮುಂದುವರಿಸಿದ ರೋಗಿಗಳಲ್ಲಿ 2 ವರ್ಷಗಳ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿ ಸುಧಾರಿಸಿದ್ದರು.

ಮೇಬರ್ಗ್ ತಂಡ ಇಲ್ಲಿಗೆ ಕೈಬಿಡಲಿಲ್ಲ. ಗುಣವಾದವರ ಮತ್ತು ಗುಣವಾಗದವರ ಎಂ.ಆರ್.ಐ. ಚಿತ್ರಗಳನ್ನು ಹೋಲಿಸಿದಾಗ, ನಾಲ್ಕು ನರತಂತುಗಳ ಕಟ್ಟುಗಳು ಕೂಡುವ ಬಿಂದುವಿಗೆ ವಿದ್ಯುತ್ ತಲುಪಿದರೆ ಫಲಿತಾಂಶ ಉತ್ತಮ ಎಂದು ತಿಳಿದುಬಂತು. ಪ್ರತಿ ರೋಗಿಯಲ್ಲೂ ಆ ಬಿಂದುವನ್ನು ಮೊದಲೇ ಗುರುತಿಸಿ ತಂತಿ ಇಳಿಸಿದ 11 ಮಂದಿಯಲ್ಲಿ 9 ಮಂದಿ ಒಂದು ವರ್ಷದಲ್ಲಿ ಚೇತರಿಸಿಕೊಂಡದ್ದು 2018ರಲ್ಲಿ ವರದಿಯಾಯಿತು. 2023ರ ಇನ್ನೊಂದು ಅಧ್ಯಯನದಲ್ಲಿ 10 ರೋಗಿಗಳಲ್ಲಿ 9 ಮಂದಿ 24 ವಾರಗಳಲ್ಲಿ ಸುಧಾರಿಸಿದರು. ಚೇತರಿಕೆಯನ್ನು ಸೂಚಿಸುವ ಮಿದುಳಿನ ವಿದ್ಯುತ್ ಸಂಕೇತವೊಂದನ್ನೂ ಆಗ ಗುರುತಿಸಲಾಯಿತು. ಒಬ್ಬ ರೋಗಿಯಲ್ಲಿ ಖಿನ್ನತೆ ಮರುಕಳಿಸುವ ವಾರಗಳ ಮೊದಲೇ ಆ ಸಂಕೇತ ಬದಲಾಗಿತ್ತು. ಇವೆಲ್ಲ ಸಣ್ಣ ಗುಂಪುಗಳ ಮೇಲಿನ ಅಧ್ಯಯನಗಳು. ಖಿನ್ನತೆಗೆ ಈ ಶಸ್ತ್ರಚಿಕಿತ್ಸೆ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ.

ಔಷಧವೋ, ಮಾತಿನ ಚಿಕಿತ್ಸೆಯೋ?

ಹೆಚ್ಚಿನ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ಪ್ರಶ್ನೆಯೇ ಬರುವುದಿಲ್ಲ. ಮೊದಲು ಯಾವ ಚಿಕಿತ್ಸೆ ಕೊಡಬೇಕು ಎಂಬುದೇ ಅವರ ಮಟ್ಟಿಗೆ ಮುಖ್ಯ. 2013ರಲ್ಲಿ ಮೇಬರ್ಗ್ ತಂಡ ಚಿಕಿತ್ಸೆಗೆ ಮುನ್ನ ಮಾಡಿದ ಪೆಟ್ ಸ್ಕ್ಯಾನ್‌ಗಳನ್ನು ಪರಿಶೀಲಿಸಿತು. ‘ಇನ್ಸುಲಾ’ ಎಂಬ ಭಾಗದ ಚಟುವಟಿಕೆ ಕಡಿಮೆ ಇದ್ದವರು ಮಾತಿನ ಚಿಕಿತ್ಸೆಯಿಂದಲೂ, ಹೆಚ್ಚಿದ್ದವರು ಎಸಿಟಲೋಪ್ರಾಮ್ ಮಾತ್ರೆಯಿಂದಲೂ ಗುಣವಾಗುವ ಸಂಭವ ಹೆಚ್ಚೆಂದು ಕಂಡಿತು. ಮಾತಿನ ಚಿಕಿತ್ಸೆಯೂ ಮಿದುಳಿನ ಚಟುವಟಿಕೆಯನ್ನು ಬದಲಿಸುತ್ತದೆ ಎಂದು 2004ರ ಅಧ್ಯಯನವೊಂದರಲ್ಲಿ ಅವರು ಮತ್ತು ಸಹೋದ್ಯೋಗಿಗಳು ತೋರಿಸಿದ್ದರು. ಹಾಗಾಗಿ ಆಪ್ತ ಸಮಾಲೋಚನೆ ಎಂದರೆ ಬರೀ ಸಮಾಧಾನದ ಮಾತು ಎಂದು ತಳ್ಳಿಹಾಕುವುದು ಸರಿಯಲ್ಲ.

ಸ್ಕ್ಯಾನ್‌ನ ಮಿತಿ

ಈ ಫಲಿತಾಂಶಗಳು ಹಲವು ರೋಗಿಗಳ ಚಿತ್ರಗಳನ್ನು ಒಟ್ಟಾಗಿ ಹೋಲಿಸಿದಾಗ ಸಿಕ್ಕಿದವು. ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಅವರಿಗೆ ಖಿನ್ನತೆ ಇದೆ ಅಥವಾ ಇಲ್ಲ ಎಂದು ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ. ಅಪರಾಧಿಯ ಮನಸ್ಥಿತಿಯನ್ನು ಸಾಬೀತುಪಡಿಸಲು ಮಿದುಳಿನ ಚಿತ್ರಗಳನ್ನು ನ್ಯಾಯಾಲಯದಲ್ಲಿ ಬಳಸುವುದನ್ನು ಮೇಬರ್ಗ್ ಅವರೇ ವಿರೋಧಿಸಿದ್ದಾರೆ.

ಮನೋವೈದ್ಯರು ರೋಗಿ ಮತ್ತು ಮನೆಯವರೊಂದಿಗೆ ಮಾತನಾಡಿ, ಲಕ್ಷಣಗಳನ್ನು ನೋಡಿ ಖಿನ್ನತೆಯನ್ನು ಗುರುತಿಸುತ್ತಾರೆ. ಅವರು ಸ್ಕ್ಯಾನ್ ಮಾಡಿಸಲು ಹೇಳಿದರೆ ಅದು ಸಾಮಾನ್ಯವಾಗಿ ಗಡ್ಡೆ, ಪಾರ್ಶ್ವವಾಯು ಮುಂತಾದ ಬೇರೆ ಕಾರಣಗಳಿಲ್ಲ ಎಂದು ಖಚಿತಪಡಿಸಿಕೊಳ್ಳಲು. ಆದ್ದರಿಂದ ‘ಸ್ಕ್ಯಾನ್ ನಾರ್ಮಲ್ ಬಂದಿದೆ, ನಿನಗೇನೂ ಆಗಿಲ್ಲ’ ಎಂದು ರೋಗಿಗೆ ಹೇಳುವುದು ತಪ್ಪು.

ಕುಟುಂಬಗಳು ತಿಳಿದಿರಬೇಕಾದದ್ದು

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 20 ವಯಸ್ಕರಲ್ಲಿ ಒಬ್ಬರು ಜೀವನದ ಯಾವುದಾದರೂ ಹಂತದಲ್ಲಿ ಖಿನ್ನತೆ ಅನುಭವಿಸಿರುತ್ತಾರೆ. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ. ದುಗುಡ, ನಿರಾಸಕ್ತಿ, ನಿದ್ರಾಭಂಗ, ಸುಸ್ತು, ತಾನು ಯಾರಿಗೂ ಬೇಡವೆಂಬ ಭಾವನೆ ಎರಡು ವಾರಗಳಿಗಿಂತ ಹೆಚ್ಚು ಕಾಲ ಬಿಡದೆ ಕಾಡಿದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ತಡಮಾಡದೆ, ಅವರನ್ನು ಒಬ್ಬರೇ ಬಿಡದೆ ಕರೆದೊಯ್ಯಬೇಕು. ಆರಂಭಿಸಿದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಭಾರತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತನಾಡಬಹುದು.