ಅಂಡರ್ ದ ಸ್ಕಿನ್

ಬ್ರಿಟಿಷ್ ನಿರ್ದೇಶಕ ಜೊನಾಥನ್ ಗ್ಲೇಜರ್ ಅವರ ಮೂರನೆಯ ಕಥಾಚಿತ್ರ. ಮೊದಲ ಪ್ರದರ್ಶನ 2013ರಲ್ಲಿ. ಅವಧಿ 108 ನಿಮಿಷ. ಹೆಣ್ಣಿನ ಚರ್ಮ ಹೊದ್ದ ಅನ್ಯಲೋಕದ ಜೀವಿಯೊಂದು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ವ್ಯಾನ್ ಓಡಿಸುತ್ತ ಒಂಟಿ ಗಂಡಸರನ್ನು ಹತ್ತಿಸಿಕೊಳ್ಳುತ್ತದೆ. ಆಮಿಷಕ್ಕೆ ಬಿದ್ದು ಅದರ ಮನೆ ಹೊಕ್ಕವರು ಕಪ್ಪು ದ್ರವದಲ್ಲಿ ಮುಳುಗಿ ಇಲ್ಲವಾಗುತ್ತಾರೆ. ಜೀವಿ ಎಲ್ಲಿಂದ ಬಂತು, ಗಂಡಸರ ದೇಹ ಅದಕ್ಕೇಕೆ ಬೇಕು ಎಂಬುದನ್ನು ಚಿತ್ರ ಹೇಳುವುದಿಲ್ಲ. ಈ ಬಗೆಯ ಚಿತ್ರಗಳಲ್ಲಿ ಪ್ರೇಕ್ಷಕರಿಗೆ ಎಲ್ಲವನ್ನೂ ಬಿಡಿಸಿ ಹೇಳಲೆಂದೇ ಬರುವ ವಿಜ್ಞಾನಿಯ ಪಾತ್ರ ಇಲ್ಲಿಲ್ಲ. ನಾಯಕಿಗೆ ಹೆಸರೂ ಇಲ್ಲ.

ಚಿತ್ರಕ್ಕೆ ಆಧಾರ ಮಿಶೆಲ್ ಫೇಬರ್ ಅವರ ಅದೇ ಹೆಸರಿನ ಕಾದಂಬರಿ (2000). ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿ, ಆಸ್ಟ್ರೇಲಿಯಾದಲ್ಲಿ ಬೆಳೆದು, ಸ್ಕಾಟ್‌ಲೆಂಡಿಗೆ ಬಂದು ನೆಲೆಸಿದ ಫೇಬರ್ ಪ್ರಕಟಿಸಿದ ಮೊದಲ ಕಾದಂಬರಿ ಅದು. ಅಲ್ಲಿ ನಾಯಕಿಯ ಹೆಸರು ಇಸರ್ಲಿ. ನಾಲ್ಕು ಕಾಲಿನ ಜೀವಿಯಾಗಿದ್ದ ಅವಳನ್ನು ಕೊಯ್ದು ಹೊಲಿದು ಮನುಷ್ಯರ ಹೆಣ್ಣಿನಂತೆ ಮಾಡಿದ್ದಾರೆ. ಬೆನ್ನುನೋವು ಅವಳನ್ನು ಬಿಡುವುದೇ ಇಲ್ಲ. ಹೈಲೆಂಡ್ಸ್‌ನ ಎ9 ಹೆದ್ದಾರಿಯಲ್ಲಿ ಲಿಫ್ಟ್ ಕೇಳುವ ಕಟ್ಟುಮಸ್ತಾದ ಗಂಡಸರನ್ನು ಅವಳು ಹಿಡಿದು ತಂದರೆ, ಅವರನ್ನು ನೆಲದಡಿಯ ದೊಡ್ಡಿಯಲ್ಲಿ ಕೊಬ್ಬಿಸಿ, ಕಡಿದು, ಮಾಂಸವನ್ನು ಅವಳ ಲೋಕಕ್ಕೆ ಸಾಗಿಸಲಾಗುತ್ತದೆ. ಮಾಂಸೋದ್ಯಮವನ್ನೂ ದುಡಿಯುವವರ ದುಃಸ್ಥಿತಿಯನ್ನೂ ಒಟ್ಟಿಗೆ ಚುಚ್ಚುವ ಈ ವ್ಯಂಗ್ಯವನ್ನು ಚಿತ್ರ ಕೈಬಿಟ್ಟಿದೆ. ಕಾದಂಬರಿಯನ್ನು ಓದಿ ಬಂದವರಿಗೆ ಚಿತ್ರದಲ್ಲಿ ಅದರ ಗುರುತು ಹತ್ತುವುದು ಕಷ್ಟ.

ಹೀಗೆ ಕೈಬಿಡುವುದಕ್ಕೇ ಸುಮಾರು ಒಂದು ದಶಕ ಹಿಡಿಯಿತು. ಗ್ಲೇಜರ್ ಜಾಹೀರಾತು ಮತ್ತು ಸಂಗೀತ ವಿಡಿಯೊಗಳಿಂದ ಹೆಸರು ಮಾಡಿ, ‘ಸೆಕ್ಸಿ ಬೀಸ್ಟ್’ (2000), ‘ಬರ್ತ್’ (2004) ಚಿತ್ರಗಳನ್ನು ನಿರ್ದೇಶಿಸಿದ್ದವರು. ಮೊದಮೊದಲ ಚಿತ್ರಕಥೆಗಳು ಕಾದಂಬರಿಗೆ ಹತ್ತಿರವಾಗಿದ್ದವು. ಹಳ್ಳಿಯಲ್ಲಿ ಗಂಡಹೆಂಡಿರಂತೆ ಬೇಸಾಯ ಮಾಡಿಕೊಂಡಿರುವ ಇಬ್ಬರು ಅನ್ಯಲೋಕದವರ ಕಥೆಯೂ ಒಂದು ಹಂತದಲ್ಲಿತ್ತು. ಅವನ್ನೆಲ್ಲ ತೆರೆಗೆ ತರಲು ದುಬಾರಿ ದೃಶ್ಯ ಪರಿಣಾಮಗಳು ಬೇಕಾಗಿದ್ದವು, ಅದಕ್ಕೆ ತಕ್ಕ ಹಣ ಒದಗಲಿಲ್ಲ. ಗ್ಲೇಜರ್ ಅವರೊಡನೆ ಗಿನ್ನೆಸ್‌ನ ‘ಸರ್ಫರ್’ ಜಾಹೀರಾತಿನಲ್ಲಿ (1999) ಕೆಲಸ ಮಾಡಿದ್ದ ವಾಲ್ಟರ್ ಕ್ಯಾಂಪ್‌ಬೆಲ್ ಜೊತೆಗೂಡಿದ ಮೇಲೆ ಕಥೆ ಸೊರಗುತ್ತ ಬಂದು, ಕೊನೆಗೆ ಉಳಿದದ್ದು ಆ ಹೆಣ್ಣು ಮತ್ತು ಅವಳ ನೋಟ. ಹಣದ ಅಡಚಣೆಯೇ ಈ ಚಿತ್ರಕ್ಕೆ ವರವಾಯಿತು ಎಂದರೆ ತಪ್ಪಾಗದು.

ನಾಯಕಿಯ ಪಾತ್ರಕ್ಕೆ ಬಂದವರು ಹಾಲಿವುಡ್ ತಾರೆ ಸ್ಕಾರ್ಲೆಟ್ ಜೊಹಾನ್ಸನ್. ಜಗತ್ತೇ ಗುರುತಿಸುವ ಮುಖವನ್ನು ಗುರುತು ಸಿಗದಂತೆ ಬೀದಿಗಿಳಿಸುವುದು ಗ್ಲೇಜರ್ ಅವರ ಉಪಾಯ. ಕಪ್ಪು ವಿಗ್, ತುಪ್ಪುಳಿನ ಕೋಟು, ಇಂಗ್ಲೆಂಡಿನ ಉಚ್ಚಾರಣೆ. 2011ರಲ್ಲಿ ಗ್ಲಾಸ್ಗೋದಲ್ಲಿ ಚಿತ್ರೀಕರಣ ನಡೆದಾಗ ಜೊಹಾನ್ಸನ್ ತಾವೇ ಬಿಳಿ ವ್ಯಾನ್ ಓಡಿಸಿದರು. ಒಳಗೆ ಸಣ್ಣ ಕ್ಯಾಮೆರಾಗಳು ಅಡಗಿದ್ದವು. ಬೇಕಾದಷ್ಟು ಪುಟ್ಟ ಕ್ಯಾಮೆರಾ ಪೇಟೆಯಲ್ಲಿ ಸಿಗದೆ ಅದನ್ನು ಈ ಚಿತ್ರಕ್ಕಾಗಿಯೇ ತಯಾರಿಸಬೇಕಾಯಿತು. ದಾರಿ ಕೇಳುವ ನೆಪದಲ್ಲಿ ಅವರು ಮಾತಾಡಿಸಿದ ಗಂಡಸರಲ್ಲಿ ಹಲವರು ನಟರಲ್ಲ, ನಿಜವಾದ ದಾರಿಹೋಕರು. ಎಲ್ಲ ಮುಗಿದ ಮೇಲೆ ಅವರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಲಾಯಿತು. ಅಪರಿಚಿತರನ್ನು ಹೀಗೆ ಕದ್ದು ಸೆರೆಹಿಡಿಯುವುದು ಸರಿಯೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಥೆಯೊಳಗೆ ಆ ಜೀವಿ ಮಾಡುವುದೂ ಅದನ್ನೇ. ಬೇಟೆಯ ಕ್ರಮ ಮತ್ತು ಚಿತ್ರೀಕರಣದ ಕ್ರಮ ಬೇರೆಬೇರೆಯಾಗಿಲ್ಲ. ದಾರಿಹೋಕರ ತೊದಲು, ನಾಚಿಕೆ, ಅರ್ಥವಾಗದಷ್ಟು ದಟ್ಟವಾದ ಗ್ಲಾಸ್ಗೋ ಮಾತು ಯಾವ ನಟನಿಂದಲೂ ಬರುವಂಥದ್ದಲ್ಲ. ಜೊಹಾನ್ಸನ್ ಬೀದಿಯಲ್ಲಿ ಮುಗ್ಗರಿಸಿ ಬೀಳುವ ದೃಶ್ಯದ ಫೋಟೊ ಒಂದು ಚಿತ್ರ ಬಿಡುಗಡೆಗೆ ಮೊದಲೇ ಅಂತರಜಾಲದಲ್ಲಿ ಹರಿದಾಡಿ ನಗೆಪಾಟಲಾಯಿತು.

ವೃತ್ತಿನಟರಲ್ಲದ ಇನ್ನಿಬ್ಬರು ಮುಖ್ಯರು. ಜೀವಿಯ ಬೆನ್ನಿಗಿರುವ ಮೋಟಾರುಬೈಕಿನವನ ಪಾತ್ರದಲ್ಲಿ ಉತ್ತರ ಐರ್ಲೆಂಡಿನ ಬೈಕ್ ರೇಸ್ ಪಟು ಜೆರೆಮಿ ಮ್ಯಾಕ್‌ವಿಲಿಯಮ್ಸ್ ಇದ್ದಾರೆ. ನ್ಯೂರೊಫೈಬ್ರೊಮಾಟೋಸಿಸ್‌ನಿಂದ ಮುಖದ ಮೇಲೆ ಗಡ್ಡೆಗಳು ಬೆಳೆದಿರುವ ಆಡಮ್ ಪಿಯರ್ಸನ್, ಜೀವಿ ಕೊನೆಗೂ ಬಿಟ್ಟುಕಳಿಸುವ ಏಕಾಕಿ ಯುವಕನಾಗಿದ್ದಾರೆ. ಕಥೆ ತಿರುವು ಪಡೆಯುವುದು ಅಲ್ಲಿಯೇ: ಬೇಟೆಗಾರ್ತಿ ನಗರ ಬಿಟ್ಟು ಬೆಟ್ಟಗಾಡಿಗೆ ಹೋಗುತ್ತಾಳೆ, ಮನುಷ್ಯರಂತೆ ತಿನ್ನಲು, ಪ್ರೀತಿಸಲು ನೋಡಿ ಸೋಲುತ್ತಾಳೆ, ತಾನೇ ಬೇಟೆಯಾಗುತ್ತಾಳೆ. ಭೀತಿಯ ಉತ್ತುಂಗ ಮಾತ್ರ ಇದಕ್ಕೂ ಮುಂಚಿನ ಕಡಲತೀರದ ದೃಶ್ಯ. ತಂದೆತಾಯಿ ಅಲೆಗಳಲ್ಲಿ ಕೊಚ್ಚಿಹೋಗಿ ದಡದಲ್ಲಿ ಒಂಟಿಯಾಗಿ ಅಳುವ ಹಸುಗೂಸಿನ ಪಕ್ಕದಲ್ಲೇ ಅವಳು ತನ್ನ ಕೆಲಸ ಮುಗಿಸಿ ನಡೆದುಬಿಡುತ್ತಾಳೆ. ಛಾಯಾಗ್ರಾಹಕ ಡೇನಿಯಲ್ ಲ್ಯಾಂಡಿನ್ ಇದನ್ನು ದೂರದಿಂದ, ಉದ್ವೇಗವಿಲ್ಲದೆ ತೋರಿಸುತ್ತಾರೆ. ಸಹಿಸಲಾಗದ್ದು ಆ ದೂರವೇ.

ಸಂಗೀತ ಮೈಕಾ ಲೆವಿ ಅವರದು. ಅಲ್ಲಿಯವರೆಗೆ ಪಾಪ್ ತಂಡ ಕಟ್ಟಿಕೊಂಡಿದ್ದ, ಇಪ್ಪತ್ತರ ಹರೆಯದ ಲೆವಿ ಸಿನಿಮಾಕ್ಕೆ ಸಂಗೀತ ಕೊಟ್ಟದ್ದು ಇದೇ ಮೊದಲು. ವಯೋಲಾದ ಕಿರುಗುಟ್ಟುವ ಎಳೆಗಳು, ಮಂದವಾದ ಬಡಿತ, ಬೇಟೆಯ ದೃಶ್ಯಗಳಿಗೆಲ್ಲ ಮರಳುವ ಮೂರು ಸ್ವರಗಳ ಜಾರುಧಾಟಿ ಕೇಳುಗರ ಬೆನ್ನುಹುರಿಗೆ ತಾಗುತ್ತವೆ. ಜಾನಿ ಬರ್ನ್ ಅವರ ಧ್ವನಿ ವಿನ್ಯಾಸದಲ್ಲಿ ಬೀದಿಯ ಗದ್ದಲವೂ ಸಂಗೀತದ ಭಾಗವಾಗುತ್ತದೆ. 2014ರ ಯುರೋಪಿಯನ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಲೆವಿ ಅತ್ಯುತ್ತಮ ಸಂಯೋಜಕ ಪ್ರಶಸ್ತಿ ಪಡೆದರು.

ಚಿತ್ರ 2013ರ ಆಗಸ್ಟ್ ಕೊನೆಗೆ ಅಮೆರಿಕದ ಟೆಲ್ಯುರೈಡ್ ಉತ್ಸವದಲ್ಲಿ, ಸೆಪ್ಟೆಂಬರ್‌ನಲ್ಲಿ ವೆನಿಸ್‌ನಲ್ಲಿ ಪ್ರದರ್ಶನಗೊಂಡಿತು. ವೆನಿಸ್‌ನಲ್ಲಿ ಚಪ್ಪಾಳೆಯ ಜೊತೆಗೆ ಕೂಗಾಟದ ವಿರೋಧವೂ ಎದುರಾಯಿತು. ಬ್ರಿಟನ್ನಿನಲ್ಲಿ 2014ರ ಮಾರ್ಚ್‌ನಲ್ಲಿ, ಅಮೆರಿಕದಲ್ಲಿ ಏಪ್ರಿಲ್‌ನಲ್ಲಿ ತೆರೆಕಂಡರೂ ಹಾಕಿದ ಹಣ ಚಿತ್ರಮಂದಿರಗಳಿಂದ ಹುಟ್ಟಲಿಲ್ಲ. ವಿಮರ್ಶಕರ ಕಡೆಯ ಲೆಕ್ಕ ಬೇರೆ: ಫ್ರಾನ್ಸಿನ ‘ಕಾಯೆ ದ್ಯು ಸಿನೆಮಾ’ ಪತ್ರಿಕೆಯ 2014ರ ಮೊದಲ ಹತ್ತು ಚಿತ್ರಗಳಲ್ಲಿ ಇದಕ್ಕೆ ಮೂರನೆಯ ಸ್ಥಾನ, 2016ರಲ್ಲಿ ಬಿಬಿಸಿ ನಡೆಸಿದ 21ನೆಯ ಶತಮಾನದ ಶ್ರೇಷ್ಠ ಚಿತ್ರಗಳ ಸಮೀಕ್ಷೆಯಲ್ಲಿ 61ನೆಯ ಸ್ಥಾನ. ಸ್ಟ್ಯಾನ್ಲಿ ಕ್ಯೂಬ್ರಿಕ್, ನಿಕೊಲಸ್ ರೋಗ್ ಅವರ ಹೆಸರುಗಳನ್ನು ಇದರೊಂದಿಗೆ ಜೋಡಿಸುವುದು ವಾಡಿಕೆಯಾಗಿದೆ. ರೋಗ್ ಅವರ ‘ದ ಮ್ಯಾನ್ ಹೂ ಫೆಲ್ ಟು ಅರ್ತ್’ (1976) ಚಿತ್ರದ ಮಟ್ಟಿಗಂತೂ ಹೋಲಿಕೆ ಸಲ್ಲುತ್ತದೆ.

ಗ್ಲೇಜರ್ ಅವರ ಮುಂದಿನ ಕಥಾಚಿತ್ರ ‘ದ ಜೋನ್ ಆಫ್ ಇಂಟರೆಸ್ಟ್’ ಬಂದದ್ದು ಹತ್ತು ವರ್ಷಗಳ ನಂತರ, 2023ರಲ್ಲಿ. ಲೆವಿ, ಬರ್ನ್ ಇಬ್ಬರೂ ಮತ್ತೆ ಜೊತೆಯಾದರು. ಆಶ್ವಿಟ್ಸ್ ಶಿಬಿರದ ಮುಖ್ಯಸ್ಥನ ಮನೆಯನ್ನು ತೋರಿಸಲು ಗ್ಲೇಜರ್ ಕೋಣೆಕೋಣೆಗಳಲ್ಲಿ ಕ್ಯಾಮೆರಾ ಅಡಗಿಸಿಟ್ಟು, ಸಿಬ್ಬಂದಿಯನ್ನು ಹೊರಗಿರಿಸಿದರು. ಗ್ಲಾಸ್ಗೋ ವ್ಯಾನಿನಲ್ಲಿ ಕೈಗೂಡಿದ ವಿಧಾನ ಅದು. ಆ ಚಿತ್ರ ಅತ್ಯುತ್ತಮ ಅಂತರರಾಷ್ಟ್ರೀಯ ಚಿತ್ರ ಮತ್ತು ಧ್ವನಿ ವಿಭಾಗಗಳಲ್ಲಿ ಆಸ್ಕರ್ ಗೆದ್ದಿತು.